ಎರಡಾಗುವಾಗ ಯಾರ ಪಾಲಿಗೆ ಏನು: ಹಣ್ಣಿನ ನೊಣದ ಮಿದುಳಿನಲ್ಲಿ ಕಾಂಡಕೋಶ ಒಡೆಯುವುದನ್ನು ನೋಡುವ ಕೆಲಸ

ಹಣ್ಣಿನ ನೊಣದ ಹುಳುವಿನ ಮಿದುಳು ಸಾಸಿವೆ ಕಾಳಿಗಿಂತ ಚಿಕ್ಕದು. ಅದರ ಮೇಲ್ಪದರದಲ್ಲಿ ನ್ಯೂರೋಬ್ಲಾಸ್ಟ್ ಎಂಬ ಕಾಂಡಕೋಶಗಳು ಕೂತಿರುತ್ತವೆ. ಬೆಳೆದ ಹುಳುವಿನಲ್ಲಿ ಒಂದೊಂದೂ ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ ಒಡೆದು ಎರಡಾಗುತ್ತದೆ. ಆ ಎರಡು ಸಮಪಾಲಲ್ಲ. ಸುಮಾರು 10ರಿಂದ 12 ಮೈಕ್ರೋಮೀಟರ್ ಅಗಲದ ದೊಡ್ಡ ಪಾಲು ಮತ್ತೆ ನ್ಯೂರೋಬ್ಲಾಸ್ಟ್ ಆಗಿಯೇ ಉಳಿದು ಇನ್ನೊಮ್ಮೆ ಒಡೆಯಲು ಸಜ್ಜಾಗುತ್ತದೆ. ಅದರ ಅರ್ಧದಷ್ಟು ಅಗಲದ ಚಿಕ್ಕ ಪಾಲು ಇನ್ನೊಂದೇ ಸಲ ಒಡೆದು, ಎರಡು ನರಕೋಶಗಳಾಗಿ, ಅಲ್ಲಿಗೆ ನಿಲ್ಲುತ್ತದೆ. ಆ ನಿಲ್ಲುವ ಗುಣ ಚಿಕ್ಕ ಕೋಶಕ್ಕೆ ತಾನಾಗಿ ಬರುವುದಿಲ್ಲ. ತಾಯಿಕೋಶ ಒಡೆಯುವ ಹತ್ತು ನಿಮಿಷದೊಳಗೆ ಕೆಲವು ಪ್ರೋಟೀನುಗಳನ್ನು ಒಂದೇ ಬದಿಗೆ ಒತ್ತರಿಸಿ, ಚಿಕ್ಕದರ ಕೈಗೆ ಕೊಟ್ಟು ಕಳಿಸುತ್ತದೆ. ಆ ಕೊಡುವಿಕೆ ತಪ್ಪಿದ ಕಡೆ ಗಡ್ಡೆ ಹುಟ್ಟುತ್ತದೆ. ಇವೆರಡನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸುವ ಕೆಲಸವನ್ನು ಧಾರವಾಡದ ಹವೆಯಲ್ಲಿ, ಇಲ್ಲಿ ಸಿಗುವ ಸಾಮಾನಿನಲ್ಲಿ ಮಾಡುವ ಬಗೆಯನ್ನು ಬರೆಯುತ್ತಿದ್ದೇವೆ.

ಮೊದಲು ನೊಣದ ಊಟ. ಹೊರದೇಶದ ಲ್ಯಾಬುಗಳಲ್ಲಿ ಗೋವಿನಜೋಳದ ಹಿಟ್ಟು ಬಳಸುತ್ತಾರೆ, ನಮ್ಮ ಕಡೆ ಬಹಳ ಕಾಲದಿಂದ ರವೆ-ಬೆಲ್ಲದ ಊಟ. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಸಿಡ್. ಬೆಲ್ಲ ಕರಗಿಸಿ ಸೋಸಿ, ಅಗರ್ ಹಾಕಿ ಕುದಿಸಿ, ಉಪ್ಪಿಟ್ಟಿಗೆ ಸುರಿಯುವ ಹಾಗೆ ಒಂದು ಕೈಯಿಂದ ರವೆ ಸುರಿಯುತ್ತ ಇನ್ನೊಂದು ಕೈಯಿಂದ ತಿರುವಬೇಕು. ಗಂಟು ಕಟ್ಟಿದರೆ ಬಾಟಲಿಯಿಂದ ಬಾಟಲಿಗೆ ಊಟ ಒಂದೇ ಸಮ ಇರುವುದಿಲ್ಲ, ಹುಳುಗಳ ಬೆಳವಣಿಗೆಯೂ ಹಿಂದುಮುಂದಾಗುತ್ತದೆ. ಆಸಿಡ್ಡನ್ನು ಕುದಿಯುವಾಗ ಹಾಕಬಾರದು. 60 ಡಿಗ್ರಿಗೆ ಇಳಿದ ಮೇಲೆ ಹಾಕಬೇಕು. ಕುದಿಯುವಾಗ ಹಾಕಿದರೆ ಒಂದಿಷ್ಟು ಹಬೆಯಾಗಿ ಹೋಗುತ್ತದೆ, ಮೂರನೇ ದಿನಕ್ಕೆ ಬೂಸ್ಟು ಕಾಣುತ್ತದೆ. ಸುರಿದ ಬಾಟಲಿಗಳನ್ನು ತೆಳು ಬಟ್ಟೆ ಹೊದಿಸಿ ಒಂದು ರಾತ್ರಿ ಆರಲು ಬಿಡಬೇಕು. ಜುಲೈನ ಜಿಟಿಜಿಟಿ ಮಳೆಯಲ್ಲಿ ಒಂದು ರಾತ್ರಿ ಸಾಲುವುದಿಲ್ಲ, ಫ್ಯಾನ್ ಹಚ್ಚಬೇಕು. ಗಾಜಿನ ಗೋಡೆಯಲ್ಲಿ ನೀರಹನಿ ಉಳಿದರೆ ನೊಣಗಳ ರೆಕ್ಕೆ ಅಂಟಿ ಸಾಯುತ್ತವೆ.

ಹಾವೇರಿ ಕಡೆಯ ಗೋವಿನಜೋಳದ ಹಿಟ್ಟಿನಿಂದಲೂ ಊಟ ಚೆನ್ನಾಗಿ ಆಗುತ್ತದೆ. ಆದರೆ ಗೋದಾಮಿನಲ್ಲಿ ಹುಳುಬಾಧೆಗೆ ಔಷಧಿ ಕಂಡ ಕಾಳಾಗಿದ್ದರೆ ನಮ್ಮ ಹುಳುಗಳೂ ಸಾಯುತ್ತವೆ. ಹೊಸ ಚೀಲ ಬಿಚ್ಚಿದಾಗ ಮೊದಲು ಎರಡು ಬಾಟಲಿ ಮಾಡಿ, ನೊಣ ಬಿಟ್ಟು, ಹುಳು ಕೋಶಾವಸ್ಥೆಗೆ ಬರುವವರೆಗೂ ಕಾದು, ಆಮೇಲೆ ಉಳಿದದ್ದಕ್ಕೆ ಕೈ ಹಾಕುವುದು ಒಳ್ಳೆಯದು. ಸೊಳ್ಳೆಬತ್ತಿ, ಜಿರಳೆ ಸ್ಪ್ರೇ ಇಂಥವು ಆ ಕೋಣೆಯ ಹತ್ತಿರವೂ ಸುಳಿಯಕೂಡದು.

ಇಲ್ಲಿ ನಿಜವಾದ ಗಂಡಾಂತರ ಏಪ್ರಿಲ್-ಮೇ. ನೊಣಕ್ಕೆ 25 ಡಿಗ್ರಿ ಹಿತ, 30 ದಾಟಿದರೆ ಗಂಡುಗಳು ಬಂಜೆಯಾಗುತ್ತವೆ. ಬರೀ ಕಾಯಿಸುವ ಪೆಟ್ಟಿಗೆ ಸಾಲದು, ತಂಪು ಮಾಡುವ ಬಿಒಡಿ ಇನ್‌ಕ್ಯುಬೇಟರೇ ಬೇಕು. ಕರೆಂಟ್ ಹೋದಾಗ ಅದೂ ಮುಚ್ಚಿಟ್ಟ ತಗಡಿನ ಡಬ್ಬಿಯೇ. ಒಳಗಿನ ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿ ಸಾಲಾಗಿ ಇಟ್ಟರೆ ಉಷ್ಣಾಂಶ ಏರುವುದು ನಿಧಾನವಾಗುತ್ತದೆ. ಅದೇ ಹೊತ್ತಿಗೆ ಆಪೂಸ್ ಮಾವಿನ ಸುಗ್ಗಿ. ಊರಿನ ಕಾಡುನೊಣಗಳು ಎಲ್ಲ ಕಡೆ. ಹತ್ತಿಯ ಬಿರಡೆ ಒಂದಿಷ್ಟು ಸಡಿಲಿದ್ದರೂ ಒಳಗೆ ಬಂದು ಮೊಟ್ಟೆ ಇಡುತ್ತವೆ. ಹುಳುವಾಗಿದ್ದಾಗ ಗುರುತು ಹತ್ತುವುದಿಲ್ಲ. ಆ ತಿಂಗಳುಗಳಲ್ಲಿ ಲ್ಯಾಬಿನೊಳಗೆ ಹಣ್ಣು ತರುವುದನ್ನೇ ಬಿಡುವುದು ಲೇಸು.

ಗಡ್ಡೆಗೆ ನಾವು ಆರಿಸಿಕೊಳ್ಳುವ ಜೀನ್ ಬ್ರ್ಯಾಟ್. ಬ್ರೇನ್ ಟ್ಯೂಮರ್ ಎಂಬುದರ ಕುಗ್ಗಿಸಿದ ಹೆಸರು. ಜೀನನ್ನೇ ಅಳಿಸದೆ, ನ್ಯೂರೋಬ್ಲಾಸ್ಟಿನಲ್ಲಿ ಮಾತ್ರ ಅದರ ಆರ್‌ಎನ್‌ಎಯನ್ನು ಕತ್ತರಿಸುವ ಏರ್ಪಾಡು ಇದೆ. ಹೆಣ್ಣಿನಲ್ಲಿ ಇನ್‌ಸ್ಕ್ಯೂಟಬಲ್-ಗ್ಯಾಲ್4, ಅಂದರೆ ನ್ಯೂರೋಬ್ಲಾಸ್ಟಿನಲ್ಲಿ ತಯಾರಾಗುವ ಚಾಲಕ ಪ್ರೋಟೀನು. ಗಂಡಿನಲ್ಲಿ ಯುಎಎಸ್-ಬ್ರ್ಯಾಟ್-ಆರ್‌ಎನ್‌ಎಐ, ಅಂದರೆ ಆ ಚಾಲಕ ಸಿಕ್ಕಾಗ ಬ್ರ್ಯಾಟ್ ಆರ್‌ಎನ್‌ಎಯನ್ನು ಕತ್ತರಿಸುವ ತುಣುಕು. ಇವುಗಳ ಮರಿಗಳಲ್ಲಿ ಎರಡೂ ಸೇರಿ ಕೆಲಸ ಶುರುವಾಗುತ್ತದೆ. ಹೆಣ್ಣು ಇನ್ನೂ ಗಂಡು ಕಾಣದ್ದಾಗಿರಬೇಕು. 25 ಡಿಗ್ರಿಯಲ್ಲಿ ಹೊರಬಂದ ಎಂಟು ಗಂಟೆಯೊಳಗೆ ಆರಿಸಬೇಕು. ಬಿಳಚಿದ ಮೈ, ಹೊಟ್ಟೆಯೊಳಗೆ ಕಪ್ಪು ಚುಕ್ಕೆ ಕಂಡರೆ ಅನುಮಾನವಿಲ್ಲ. 20 ಹೆಣ್ಣಿಗೆ 10 ಗಂಡು ಸಾಕು. ನಾಲ್ಕು ಗಂಟೆ ಮೊಟ್ಟೆ ಇಡಲು ಬಿಟ್ಟು, ದೊಡ್ಡ ನೊಣಗಳನ್ನು ಬೇರೆ ಬಾಟಲಿಗೆ ಹಾಕಬೇಕು. ಆಗ ಎಲ್ಲ ಹುಳುಗಳೂ ಒಂದೇ ವಯಸ್ಸಿನವಾಗಿರುತ್ತವೆ. ಒಂದು ಬಾಟಲಿಯಲ್ಲಿ 50-60ಕ್ಕಿಂತ ಹೆಚ್ಚು ಹುಳು ಬೇಡ. ಕಿಕ್ಕಿರಿದರೆ ಹೊಟ್ಟೆಗೆ ಸಾಲದೆ ಕುಗ್ಗುತ್ತವೆ, ಅರೆಹೊಟ್ಟೆಯ ಹುಳುವಿನ ಮಿದುಳಿನಲ್ಲಿ ಒಡೆಯುತ್ತಿರುವ ಕೋಶಗಳೂ ಕಡಿಮೆ. ಒಂದು ದಿನದ ಬಳಿಕ 29 ಡಿಗ್ರಿಗೆ ಸಾಗಿಸುತ್ತೇವೆ, ಗ್ಯಾಲ್4 ಅಲ್ಲಿ ಹೆಚ್ಚು ಚುರುಕು.

ಹೋಲಿಕೆಗೆ ಅದೇ ಹೆಣ್ಣನ್ನು ಎಂಚೆರಿ ಎಂಬ, ನೊಣದಲ್ಲಿ ಇಲ್ಲವೇ ಇಲ್ಲದ ಪ್ರೋಟೀನಿನ ಆರ್‌ಎನ್‌ಎಐ ಗಂಡಿನ ಜೊತೆ ಕೂಡಿಸಬೇಕು. ಏನೂ ಮಾಡದ ಸಾದಾ ನೊಣವನ್ನು ಹೋಲಿಕೆಗೆ ಇಟ್ಟರೆ, 29 ಡಿಗ್ರಿಯ ಪರಿಣಾಮ ಎಷ್ಟು, ಗ್ಯಾಲ್4ರದ್ದು ಎಷ್ಟು, ಬ್ರ್ಯಾಟ್ ಇಲ್ಲದ್ದು ಎಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಇನ್ನೊಂದು ಮಾತು: ತಳಿಯಲ್ಲಿ ಟಿಎಂ6ಬಿ ಎಂಬ ಬ್ಯಾಲೆನ್ಸರ್ (ತಳಿ ಕೆಡದಂತೆ ಕಾಯಲು ಇಟ್ಟ ಮಾರ್ಪಡಿಸಿದ ಕ್ರೋಮೋಸೋಮ್) ಇದ್ದರೆ, ಅದನ್ನು ಪಡೆದ ಹುಳುಗಳು ಗಿಡ್ಡಾಗಿ ದಪ್ಪಗಿರುತ್ತವೆ. ಅವು ಬೇಡ, ಉದ್ದನೆಯವನ್ನು ಆರಿಸಬೇಕು. ಎರಡು ವಾರದ ಕೆಲಸ ಈ ಒಂದು ನಿಮಿಷದ ಆಯ್ಕೆಯಲ್ಲಿ ಹಾಳಾಗುವುದು ಅಪರೂಪವೇನಲ್ಲ.

ಹುಳು ಊಟ ಬಿಟ್ಟು ಗೋಡೆ ಹತ್ತಿದಾಗ ಬಿಡಿಸುವ ಹೊತ್ತು. 25 ಡಿಗ್ರಿಯಲ್ಲಿ ಇದು ಐದನೇ ದಿನ, 29ರಲ್ಲಿ ಅದಕ್ಕೂ ಮುಂಚೆ. ಬಿಡಿಸಲು ಐದನೇ ನಂಬರಿನ ಚೂಪು ಚಿಮಟ ಎರಡು, ಕಪ್ಪು ತಳದ ಬಟ್ಟಲು, ಪಿಬಿಎಸ್ ಎಂಬ ತಣ್ಣಗಿನ ಉಪ್ಪುನೀರಿನ ದ್ರಾವಣ. ಎಡಗೈ ಚಿಮಟದಿಂದ ಹುಳುವಿನ ಮೈಯನ್ನು ನಡುವೆ ಹಿಡಿಯಬೇಕು. ಬಲಗೈಯಿಂದ ಬಾಯಿಯ ಕಪ್ಪು ಕೊಕ್ಕೆಯನ್ನು ಹಿಡಿದು ಒಂದೇ ಸಮ ಎಳೆಯಬೇಕು, ಜಗ್ಗಬಾರದು. ಕೊಕ್ಕೆಯ ಹಿಂದೆ ಎಲ್ಲವೂ ಜೋತುಕೊಂಡು ಬರುತ್ತದೆ: ಹೊಳೆಯುವ ಎರಡು ಜೊಲ್ಲುಗ್ರಂಥಿ, ಹಾಲುಬಿಳುಪಿನ ಕೊಬ್ಬು, ಅದರ ನಡುವೆ ಎರಡು ದುಂಡು ಹಾಲೆ ಮತ್ತು ಕೆಳಗೆ ಬಾಲದಂಥ ನರದ ಹುರಿ. ಅದೇ ಮಿದುಳು. ಕೊಬ್ಬನ್ನೂ ಗ್ರಂಥಿಯನ್ನೂ ಬಿಡಿಸಿ ತೆಗೆಯಬೇಕು. ಹಾಲೆಗೆ ಅಂಟಿದ ಕಣ್ಣಿನ ಬಿಲ್ಲೆಗಳನ್ನು ಎಳೆಯಲು ಹೋದರೆ ಹಾಲೆಯೇ ಹರಿಯುತ್ತದೆ, ಅವುಗಳ ದಂಟನ್ನು ಚಿಮಟದ ತುದಿಯಿಂದ ಚಿವುಟಬೇಕು. ಕೊಕ್ಕೆಯನ್ನು ಮಾತ್ರ ಮಿದುಳಿನಿಂದ ಕೊನೆಯವರೆಗೂ ಬೇರ್ಪಡಿಸುವುದಿಲ್ಲ. ದ್ರಾವಣ ಬದಲಿಸುವಾಗ ಮಿದುಳು ಪಿಪೆಟ್ಟಿನೊಳಗೆ ಹೋಗದಂತೆ ಅದು ಕಣ್ಣಿಗೆ ಕಾಣುವ ಗುರುತು. ಮೊದಲ ಹುಳು ಬಿಡಿಸಿದ 20 ನಿಮಿಷದೊಳಗೆ ಎಲ್ಲವೂ ಫಾರ್ಮಾಲ್ಡಿಹೈಡಿನಲ್ಲಿ ಇರಬೇಕು. ತಡವಾದರೆ ಕೋಶಗಳು ಸಾಯತೊಡಗುತ್ತವೆ, ಪ್ರೋಟೀನುಗಳು ತಮ್ಮ ಜಾಗ ಬಿಡುತ್ತವೆ. ಆಗ ಯಾವ ಜೀನೂ ಕೆಡದ ಮಿದುಳು ಕೂಡ ಕೆಟ್ಟ ಮಿದುಳಿನಂತೆಯೇ ಕಾಣುತ್ತದೆ. ಇದಕ್ಕಿಂತ ಮೋಸದ ತಪ್ಪು ಈ ಕೆಲಸದಲ್ಲಿಲ್ಲ.

ಶೇ 4ರ ಫಾರ್ಮಾಲ್ಡಿಹೈಡ್, 20 ನಿಮಿಷ. ತಳದಲ್ಲಿ ಬಿಳಿ ಗಸಿ ಕೂತ ಹಳೆಯ ಬಾಟಲಿ ಬೇಡ, ಅದರ ಶಕ್ತಿ ಇಳಿದಿರುತ್ತದೆ. ಶೇ 0.3ರ ಟ್ರೈಟಾನ್ ಇರುವ ಪಿಬಿಎಸ್‌ನಲ್ಲಿ ಹದಿನೈದು ನಿಮಿಷದಂತೆ ಮೂರು ಸಲ ತೊಳೆದು, ಶೇ 5ರ ಮೇಕೆ ಸೀರಮ್ಮಿನಲ್ಲಿ ಒಂದು ತಾಸು ನೆನೆಸುವುದು. ಆಮೇಲೆ ಮೊದಲ ಪ್ರತಿಕಾಯ, ಅಂದರೆ ಗೊತ್ತಾದ ಒಂದು ಪ್ರೋಟೀನಿಗೆ ಹೋಗಿ ಅಂಟುವಂಥದು, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಚಿಕ್ಕ ಕೋಶಕ್ಕೆ ಹೋಗುವ ಪ್ರೋಟೀನಾದ ಮಿರಾಂಡಾಗೆ 500ಕ್ಕೆ ಒಂದು, ಅದರ ಎದುರಂಚಿನಲ್ಲಿ ಕೂರುವ ಎಪಿಕೆಸಿಗೆ 1000ಕ್ಕೆ ಒಂದು, ನ್ಯೂರೋಬ್ಲಾಸ್ಟಿನ ಗುರುತಾದ ಡೆಡ್‌ಪ್ಯಾನ್‌ಗೂ ಅಷ್ಟೇ. ಇವು ನಮ್ಮಲ್ಲಿ ಹೊಂದಿದ ಪ್ರಮಾಣ. ಹೊಸ ಸೀಸೆ ಬಂದಾಗಲೆಲ್ಲ 200, 500, 1000 ಎಂದು ಮೂರು ಬಗೆ ಮಾಡಿ ನೋಡಲೇಬೇಕು. ಒಂದೇ ಮಿದುಳಿಗೆ ಹಾಕುವ ಪ್ರತಿಕಾಯಗಳು ಬೇರೆ ಬೇರೆ ಪ್ರಾಣಿಗಳಲ್ಲಿ ತಯಾರಾಗಿರಬೇಕು, ಇಲ್ಲವಾದರೆ ಎರಡನೇ ಪ್ರತಿಕಾಯ ಎರಡಕ್ಕೂ ಅಂಟಿಕೊಳ್ಳುತ್ತದೆ. ಮರುದಿನ ತೊಳೆದು, ಬಣ್ಣದ ಎರಡನೇ ಪ್ರತಿಕಾಯ ಎರಡು ತಾಸು, ಕೊನೆಗೆ ಡಿಎನ್‌ಎಗೆ ನೀಲಿಯ ಡಾಪಿ. ಸ್ಲೈಡಿನ ಮೇಲೆ ಎರಡು ಕವರ್‌ಸ್ಲಿಪ್ ತುಂಡುಗಳನ್ನು ಸೇತುವೆಯಂತೆ ಅಂಟಿಸಿ, ನಡುವೆ ಮಿದುಳನ್ನಿಟ್ಟು ಮುಚ್ಚಬೇಕು. ಸೇತುವೆ ಇಲ್ಲದೆ ಮುಚ್ಚಿದರೆ ಹಾಲೆ ಒತ್ತಿ ಚಪ್ಪಟೆಯಾಗುತ್ತದೆ. ಪದರ ಪದರವಾಗಿ ಚಿತ್ರ ತೆಗೆಯುವ ಕನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಲು ಬೆಂಗಳೂರಿಗೆ ಹೋಗುವುದಿದ್ದರೆ ಅಂಚಿಗೆ ನೇಲ್ ಪಾಲಿಶ್ ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ಕತ್ತಲೆ ಡಬ್ಬಿಯಲ್ಲಿ ಅಡ್ಡಲಾಗಿಟ್ಟು ರಾತ್ರಿ ರೈಲು ಹತ್ತುವುದು. ನೆಟ್ಟಗಿಟ್ಟರೆ ಬೆಳಗಾಗುವುದರೊಳಗೆ ಮಿದುಳುಗಳು ಒಂದು ಬದಿಗೆ ಜಾರಿರುತ್ತವೆ.

ಈಗ ನೋಟ. 63 ಪಟ್ಟಿನ ಎಣ್ಣೆಯ ಲೆನ್ಸ್, ಒಂದು ಮೈಕ್ರೋಮೀಟರಿಗೊಂದು ಪದರ. ಡೆಡ್‌ಪ್ಯಾನ್ ಬಣ್ಣ ಹತ್ತಿದ ದೊಡ್ಡ ಕೋಶಗಳ ನಡುವೆ, ಕ್ರೋಮೋಸೋಮುಗಳು ನೀಲಿ ಗೆರೆಯಾಗಿ ಅಡ್ಡ ನಿಂತ ಒಂದು ಕೋಶ ಸಿಗುತ್ತದೆ. ಮೇಲಿನ ಅಂಚಿಗೆ ಎಪಿಕೆಸಿ ಹಸಿರು ಬಿದಿಗೆ ಚಂದ್ರನಂತೆ ಕವಿದಿರುತ್ತದೆ. ಎದುರು ಅಂಚಿನಲ್ಲಿ ಮಿರಾಂಡಾ ಕೆಂಪಾಗಿ ಅಷ್ಟೇ ಅಗಲದ ಇನ್ನೊಂದು ಚಂದ್ರ. ಎರಡರ ನಡುವೆ ಅಕ್ಕಪಕ್ಕದಲ್ಲಿ ಯಾವ ಬಣ್ಣವೂ ಇಲ್ಲದ ಬರಿ ಅಂಚು. ಫೋಕಸ್ ತಿರುವುತ್ತ ಹೋದರೆ ಪಕ್ಕದಲ್ಲೇ ಇನ್ನೊಂದು ಹಂತ ಕಾಣಬಹುದು: ಕೋಶ ನಡುವಿನಲ್ಲಿ ಅಲ್ಲ, ಕೆಳಕ್ಕೆ ಸರಿದ ಜಾಗದಲ್ಲಿ ಸೊಂಟ ಕಟ್ಟಿಕೊಂಡಿದೆ, ಕೆಂಪೆಲ್ಲ ಆ ಸೊಂಟದ ಕೆಳಗಿನ ಪುಟ್ಟ ಮೊಗ್ಗಿನಲ್ಲಿ ಸೇರಿದೆ. ಇದನ್ನು ಮೊದಲ ಸಲ ಕಂಡವರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಪಾಠದ ಚಿತ್ರದಲ್ಲಿ ಎಷ್ಟು ಸಲ ನೋಡಿದ್ದರೂ ಇದು ಬೇರೆ.

ಇದರ ಹಿಂದಿನ ಯಂತ್ರ ಹೀಗೆ. ಮೇಲಂಚಿನಲ್ಲಿ ಬಜೂಕಾ, ಪಾರ್-6, ಎಪಿಕೆಸಿ ಎಂಬ ಮೂರು ಪ್ರೋಟೀನುಗಳು ಒಟ್ಟುಗೂಡಿ ಕೂರುತ್ತವೆ. ಎಪಿಕೆಸಿ ತನ್ನ ಕೈಗೆ ಸಿಕ್ಕ ಮಿರಾಂಡಾಗೂ ನಂಬ್ ಎಂಬ ಇನ್ನೊಂದು ಪ್ರೋಟೀನಿಗೂ ಫಾಸ್ಫೇಟ್ ಹಚ್ಚುತ್ತದೆ. ಫಾಸ್ಫೇಟ್ ಹತ್ತಿದವು ಪೊರೆಗೆ ಅಂಟಿಕೊಂಡಿರಲಾರವು, ಹಾಗಾಗಿ ಎಪಿಕೆಸಿ ಇಲ್ಲದ ಕೆಳಗಂಚಿನಲ್ಲಿ ಮಾತ್ರ ಅವು ನೆಲೆಯೂರುತ್ತವೆ. ಮಿರಾಂಡಾ ಬರಿಗೈಲಿ ಹೋಗುವುದಿಲ್ಲ, ಪ್ರಾಸ್ಪೆರೊ ಮತ್ತು ಬ್ರ್ಯಾಟ್ ಎರಡನ್ನೂ ಹೊತ್ತೊಯ್ಯುತ್ತದೆ. ಪ್ರಾಸ್ಪೆರೊ ಚಿಕ್ಕ ಕೋಶದ ಕೋಶಕೇಂದ್ರಕ್ಕೆ ಹೊಕ್ಕು, ಒಡೆಯುವ ಜೀನುಗಳನ್ನು ನಂದಿಸಿ ನರಕೋಶದ ಜೀನುಗಳನ್ನು ಹೊತ್ತಿಸುತ್ತದೆ. ಕಾಂಡಕೋಶವಾಗಿಯೇ ಉಳಿ ಎನ್ನುವ ನಾಚ್ ಎಂಬ ಸಂಕೇತವನ್ನು ನಂಬ್ ತಡೆಯುತ್ತದೆ. ಬ್ರ್ಯಾಟ್, ಕಾಂಡಕೋಶದ ಗುಣ ಉಳಿಸುವ ಆರ್‌ಎನ್‌ಎಗಳಿಂದ ಪ್ರೋಟೀನ್ ತಯಾರಾಗದಂತೆ ಹಿಡಿಯುತ್ತದೆ. ಇನ್ನು ಕದಿರು, ಅಂದರೆ ಕ್ರೋಮೋಸೋಮುಗಳನ್ನು ಎರಡು ಬದಿಗೆ ಎಳೆಯುವ ನಾರುಗಳ ಕಟ್ಟು, ಎರಡು ಚಂದ್ರಗಳ ನೇರಕ್ಕೇ ನಿಲ್ಲಬೇಕು. ಅದನ್ನು ಪಿನ್ಸ್ ಮತ್ತು ಮಡ್ ಎಂಬ ಪ್ರೋಟೀನುಗಳು ಹಿಡಿದಿರುತ್ತವೆ. ಮಡ್ ಇಲ್ಲದಿದ್ದರೆ ಚಂದ್ರಗಳು ಸರಿಯಾಗಿದ್ದರೂ ಕದಿರು ಅಡ್ಡಾದಿಡ್ಡಿ ತಿರುಗಿ, ಕೆಲವು ಸಲ ಎರಡೂ ಮಕ್ಕಳಿಗೆ ಮೇಲಂಚಿನ ಪಾಲು ಸಿಕ್ಕು ಎರಡೂ ಕಾಂಡಕೋಶಗಳಾಗಿ ಉಳಿಯುತ್ತವೆ. ನಂಬ್ ಹೀಗೆ ಒಂದೇ ಮಗುವಿಗೆ ಹೋಗುತ್ತದೆಂದು ತಿಳಿದದ್ದು 1994ರಲ್ಲಿ, ನೊಣದ ರೋಮದ ಇಂದ್ರಿಯಕೋಶಗಳಲ್ಲಿ. ಪ್ರಾಸ್ಪೆರೊ ಮರುವರ್ಷ.

ಎಣಿಸುವಲ್ಲಿ ಆಗುವ ತಪ್ಪು ಬಹುತೇಕ ಒಂದೇ ಬಗೆಯದು. ಪರದೆಯ ಮುಂದೆ ಈ ಮಾತು ಎಷ್ಟು ಸಲ ನಡೆಯುತ್ತದೋ ಲೆಕ್ಕವಿಲ್ಲ:

"ಸರ್, ಇಲ್ಲಿ ಸುತ್ತಲೂ ಮಿರಾಂಡಾ ಹಚ್ಚಿಕೊಂಡೈತ್ರಿ. ಕೆಟ್ಟೈತಿ ಅಂತ ಬರೀಲೇನ್ರಿ?"

"ಮೊದ್ಲ ನೀಲಿ ಚಾನೆಲ್ ಹಚ್ಚಿ ನೋಡವಾ. ಕ್ರೋಮೋಸೋಮ್ ಸಾಲಿಗೆ ನಿಂತಾವೇನು?"

"ಇಲ್ರಿ, ದುಂಡಗ ಐತ್ರಿ."

"ಹಂಗಾರ ಅದನ್ನ ಎಣಸಬ್ಯಾಡ."

ಒಡೆಯದ ಹೊತ್ತಿನಲ್ಲಿ ಮಿರಾಂಡಾ ಒಂದೆಡೆ ಚಂದ್ರವಾಗಿ ಇರುವುದಿಲ್ಲ. ಹಾಗಾಗಿ ಕ್ರೋಮೋಸೋಮ್ ಅಡ್ಡ ನಿಂತ ಹಂತದ ಕೋಶಗಳನ್ನು ಮಾತ್ರ ಎಣಿಸಬೇಕು. ಅದರಲ್ಲೂ ಕದಿರು ಪರದೆಗೆ ಸಮಾಂತರ ಮಲಗಿದವನ್ನು. ಲೆನ್ಸಿನ ಕಡೆಗೆ ನೆಟ್ಟಗೆ ನಿಂತ ಕೋಶದಲ್ಲಿ ಚಂದ್ರ ಉಂಗುರವಾಗಿ ಕಂಡು ದಾರಿ ತಪ್ಪಿಸುತ್ತದೆ. ಎರಡನೆಯದು, ಕೊನೆ ಹಂತದ ತಿದ್ದುಪಡಿ. ಇನ್‌ಸ್ಕ್ಯೂಟಬಲ್ ಎಂಬ ಜೀನ್ ಕೆಟ್ಟ ಕೋಶಗಳಲ್ಲಿ ನಡುಹಂತದಲ್ಲಿ ಮಿರಾಂಡಾ ಚೆದುರಿರುತ್ತದೆ, ಆದರೆ ಕೋಶ ಇಬ್ಭಾಗವಾಗುವ ಹೊತ್ತಿಗೆ ಮತ್ತೆ ಚಿಕ್ಕದರ ಕಡೆಗೆ ಸೇರಿಕೊಳ್ಳುತ್ತದೆ. ನಡುಹಂತ ಮಾತ್ರ ನೋಡಿ "ಹಂಚಿಕೆ ಕೆಟ್ಟಿದೆ" ಎಂದು ಬರೆದರೆ ತಪ್ಪು. ಎರಡೂ ಹಂತಗಳನ್ನು ಬೇರೆ ಬೇರೆ ಅಂಕಣದಲ್ಲಿ ಬರೆಯಬೇಕು. ಒಡೆಯುವ ಕೋಶ ಕಡಿಮೆ ಸಿಗುತ್ತವೆಂದು ಕಾಲ್ಚಿಸಿನ್ ಹಾಕಿ ತಡೆದು ನಿಲ್ಲಿಸುವವರಿದ್ದಾರೆ. ಚಂದ್ರ ಎಣಿಸಲು ಅದು ಆದೀತು, ಕದಿರಿನ ಕೋನ ಅಳೆಯಲು ಖಂಡಿತ ಆಗದು. ಕದಿರಿನ ನಾರುಗಳನ್ನೇ ಅದು ಕರಗಿಸಿಬಿಡುತ್ತದೆ. ಕಷ್ಟವಾದರೂ ಇನ್ನೂ ಹತ್ತು ಹುಳು ಹೆಚ್ಚಿಗೆ ಬಿಡಿಸುವುದೇ ಸರಿ.

ಬ್ರ್ಯಾಟ್ ಕಡಿಮೆಯಾದ ಮಿದುಳನ್ನು ಗುರುತಿಸಲು ಕನ್‌ಫೋಕಲ್ ಬೇಕಿಲ್ಲ, ಬಿಡಿಸುವಾಗಲೇ ಹಾಲೆಗಳು ಊದಿ ಕಾಣುತ್ತವೆ. ಸಾದಾ ಹುಳುವಿನ ಒಂದು ಹಾಲೆಯ ನಡುಭಾಗದಲ್ಲಿ ಸುಮಾರು ನೂರು ನ್ಯೂರೋಬ್ಲಾಸ್ಟ್. ಅವುಗಳಲ್ಲಿ ಎಂಟು ಮಾತ್ರ ಎರಡನೇ ಬಗೆಯವು. ಈ ಎಂಟರ ಚಿಕ್ಕ ಮಗು ನೇರ ನರಕೋಶವಾಗುವುದಿಲ್ಲ, ನಡುವೆ ತಾನೂ ನಾಲ್ಕಾರು ಸಲ ಒಡೆಯುವ ಮಧ್ಯಂತರ ಕೋಶವಾಗುತ್ತದೆ. ಹುಟ್ಟಿದ ಹೊಸದರಲ್ಲಿ ಆ ಮಧ್ಯಂತರ ಕೋಶ ಎತ್ತಲಾದರೂ ವಾಲಬಲ್ಲದು. ಬ್ರ್ಯಾಟ್ ಸಿಗದಿದ್ದರೆ ಮುಂದಕ್ಕೆ ಹೋಗದೆ ಮತ್ತೆ ನ್ಯೂರೋಬ್ಲಾಸ್ಟ್ ಆಗಿಬಿಡುತ್ತದೆ. ಅದರ ಮಗುವೂ ಹಾಗೆಯೇ. ಎಂಟರಿಂದ ಹೊರಟದ್ದು ಹಾಲೆಯನ್ನೆಲ್ಲ ತುಂಬುತ್ತದೆ. ಇದಕ್ಕೇ ಡೆಡ್‌ಪ್ಯಾನ್ ಒಂದನ್ನೇ ಎಣಿಸಬಾರದು, ಜೊತೆಗೆ ಅಸೆನ್ಸ್ ಬಣ್ಣವೂ ಬೇಕು. ದೊಡ್ಡ ಕೋಶಗಳಲ್ಲಿ ಡೆಡ್‌ಪ್ಯಾನ್ ಇದ್ದು ಅಸೆನ್ಸ್ ಇಲ್ಲದ್ದು ಎರಡನೇ ಬಗೆ, ಎರಡೂ ಇದ್ದದ್ದು ಮೊದಲ ಬಗೆ. ಪಕ್ಕದಲ್ಲೇ ಇರುವ ಮೊದಲ ಬಗೆಯ ಕೋಶಗಳು ಅದೇ ಬ್ರ್ಯಾಟ್ ಕಳೆದುಕೊಂಡೂ ಹೆಚ್ಚುಕಡಿಮೆ ಕ್ರಮವಾಗಿ ಸಾಗುತ್ತವೆ, ಅಲ್ಲಿ ಪ್ರಾಸ್ಪೆರೊ ಭಾರ ಹೊರುತ್ತದೆ. ಒಂದೇ ಜೀನ್, ಒಂದೇ ಮಿದುಳು, ಎರಡು ಫಲ. ಗಡ್ಡೆ ಕೋಶಗಳು ಅತಿ ವೇಗವಾಗಿ ಒಡೆಯುವುದರಿಂದ ಬಂತು ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕಾದದ್ದಕ್ಕೆ ನಿಲ್ಲು ಎಂಬ ಮಾತು ತಲುಪಲಿಲ್ಲ, ಅಷ್ಟೇ ಆದದ್ದು.

ಇದು ನಿಜವಾಗಿ ಗಡ್ಡೆಯೋ, ಬರೀ ಹೆಚ್ಚಾದ ಕೋಶಗಳೋ? ಆ ಪ್ರಶ್ನೆಗೆ ಕಸಿ ಮಾಡಿಯೇ ಉತ್ತರ ಕಂಡುಕೊಂಡರು. ವಿಜ್ಞಾನಿ ಎಲಿಸಬೆತ್ ಗೇಟೆಫ್ 1960-70ರ ದಶಕಗಳಲ್ಲೇ ಲೀಥಲ್ ಜಯಂಟ್ ಲಾರ್ವಿ ಜೀನ್ ಕೆಟ್ಟ ಹುಳುಗಳ ಅಂಗಾಂಶವನ್ನು ದೊಡ್ಡ ನೊಣಗಳ ಹೊಟ್ಟೆಗೆ ಕಸಿ ಮಾಡಿ, ಅದು ಹಬ್ಬಿ ನೊಣವನ್ನು ಕೊಲ್ಲುವುದನ್ನು ತೋರಿಸಿದ್ದರು. 2005ರಲ್ಲಿ ಕೊಸಿನುಸ್ ಮತ್ತು ಗೊನ್ಸಾಲೆಸ್ ಎಂಬ ಸಂಶೋಧಕರು ಪಿನ್ಸ್, ಮಿರಾಂಡಾ, ನಂಬ್, ಪ್ರಾಸ್ಪೆರೊ ಇವುಗಳಲ್ಲಿ ಒಂದೊಂದು ಕೆಟ್ಟ ಮಿದುಳಿನ ಚೂರುಗಳನ್ನು ಹಾಗೆಯೇ ಕಸಿ ಮಾಡಿದರು. ಚೂರು ನೂರು ಪಟ್ಟಿಗೂ ಮೀರಿ ಬೆಳೆದು, ಬೇರೆ ಅಂಗಗಳಿಗೆ ನುಗ್ಗಿ, ಎರಡು ವಾರದಲ್ಲಿ ನೊಣವನ್ನು ಕೊಂದಿತು. ಸತ್ತ ನೊಣದಿಂದ ತೆಗೆದು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ, ಹೀಗೆ ವರ್ಷಗಟ್ಟಲೆ ಸಾಗಿತು. ಆರು ವಾರ ಕಳೆಯುವಷ್ಟರಲ್ಲಿ ಕ್ರೋಮೋಸೋಮುಗಳ ಲೆಕ್ಕವೂ ಕದಿರಿನ ತುದಿಗಳಲ್ಲಿ ಕೂರುವ ಸೆಂಟ್ರೋಸೋಮುಗಳೂ ಕೆಟ್ಟಿದ್ದವು. ಇದರಲ್ಲಿ ಗಮನಿಸಬೇಕಾದದ್ದು ಅನುಕ್ರಮ: ಹಂಚಿಕೆ ಮೊದಲು ಕೆಟ್ಟಿತು, ಕ್ರೋಮೋಸೋಮಿನ ಗೊಂದಲ ಆಮೇಲೆ ಬಂತು.

ಮನುಷ್ಯರಿಗೆ ಇದು ಎಷ್ಟು ಅನ್ವಯ ಎಂದು ಕೇಳುವವರು ಬಹಳ. ಹುಬ್ಬಳ್ಳಿಯ ಕಾಲೇಜುಗಳಲ್ಲಿ ಮಾತಾಡಿದಾಗ ಮೊದಲು ಬರುವ ಪ್ರಶ್ನೆ ಇದೇ, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದ್ದವರ ಧ್ವನಿಯಲ್ಲಿ ಅದು ಬೇರೆಯೇ ತೂಕದಿಂದ ಬರುತ್ತದೆ. ಅವರಿಗೆ ಅತಿ ಮಾಡಿ ಹೇಳಬಾರದು. ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ನಂಬ್ ಕಡಿಮೆಯಾಗಿರುವುದು 2004ರಲ್ಲಿ ವರದಿಯಾಯಿತು. ಇಲಿಗಳ ಸ್ತನದ ಕಾಂಡಕೋಶಗಳಲ್ಲಿ ಗಡ್ಡೆ ತಡೆಯುವ ಪಿ53 ಜೀನ್ ಹೋದಾಗ ಸಮಪಾಲಿನ ಒಡೆಯುವಿಕೆ ಹೆಚ್ಚುತ್ತದೆಂದು 2009ರಲ್ಲಿ ತೋರಿಸಿದರು. ಆದರೆ ಕರುಳಿನ ಕಾಂಡಕೋಶಗಳು ಆರೋಗ್ಯವಾಗಿದ್ದಾಗಲೂ ಹೆಚ್ಚಾಗಿ ಸಮಪಾಲಿನಲ್ಲೇ ಒಡೆಯುತ್ತವೆ. ಅಲ್ಲಿ ಯಾರು ಕಾಂಡಕೋಶವಾಗಿ ಉಳಿಯಬೇಕೆಂಬುದನ್ನು ನೆರೆಹೊರೆ ತೀರ್ಮಾನಿಸುತ್ತದೆ, ಜಾಗ ಸಿಕ್ಕದ್ದು ಉಳಿಯಿತು. ಹಾಗಾಗಿ ನೊಣದ ಲೆಕ್ಕವನ್ನು ಎಲ್ಲ ಅಂಗಕ್ಕೂ ಎಳೆಯಲು ಬರುವುದಿಲ್ಲ. ನಮ್ಮ ಭಾಗದಲ್ಲಿ ಗುಟ್ಕಾ, ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರಿಗೆ ಡಿಎನ್‌ಎಗೆ ಬೀಳುವ ಪೆಟ್ಟೇ ಮೂಲ. ಅದನ್ನು ಬ್ರ್ಯಾಟ್ ಕಥೆಯಿಂದ ವಿವರಿಸಲು ಹೋಗಬಾರದು, ತಂಬಾಕು ಬಿಡಿ ಎಂದೇ ಹೇಳಬೇಕು.

ಎಣಿಕೆಯ ಕೊನೆಯ ಹಂತವನ್ನು ಚಿತ್ರ ತೆಗೆದವರು ಮಾಡಬಾರದು. ಫೈಲುಗಳ ಹೆಸರು ತೆಗೆದು ನಂಬರ್ ಕೊಟ್ಟು, ಯಾವುದು ಬ್ರ್ಯಾಟ್, ಯಾವುದು ಎಂಚೆರಿ ಎಂದು ಗೊತ್ತಿಲ್ಲದವರ ಕೈಗೆ ಕೊಡಬೇಕು. ಊದಿದ ಹಾಲೆ ತಾನೇ ಗುಟ್ಟು ಬಿಟ್ಟುಕೊಡುತ್ತದೆ ನಿಜ, ಆದರೆ ಚಂದ್ರಗಳ ಎಣಿಕೆಯಲ್ಲಿ, ಕೋನದ ಅಳತೆಯಲ್ಲಿ ಈ ಕಟ್ಟುಪಾಡು ಬಹಳ ಕೆಲಸ ಮಾಡುತ್ತದೆ. ಒಂದೊಂದು ಬಗೆಗೆ ಕನಿಷ್ಠ ಹತ್ತು ಮಿದುಳು, ಬೇರೆ ಬೇರೆ ದಿನ ಮಾಡಿದ ಮೂರು ಕೂಡಿಕೆಯಿಂದ. ಒಂದೇ ಬಾಟಲಿಯ ಹತ್ತು ಹುಳುವನ್ನು ಹತ್ತು ಎಂದು ಲೆಕ್ಕ ಹಿಡಿಯಬಾರದು, ಆ ಬಾಟಲಿಯ ಊಟ ಕೆಟ್ಟಿದ್ದರೆ ಹತ್ತೂ ಕೆಟ್ಟವೇ. ಕೆಲಸ ಮುಗಿದ ಬಾಟಲಿಗಳನ್ನು ತೊಳೆಯುವ ಮುನ್ನ ಮೈನಸ್ 20ರಲ್ಲಿ ಎರಡು ದಿನ ಇಟ್ಟು, ಒಂದು ನೊಣವೂ ಜೀವಂತ ಹೊರಗೆ ಹೋಗದಂತೆ ಮಾಡಿ, ಆಮೇಲೆ ಆಟೋಕ್ಲೇವಿಗೆ ಹಾಕುವುದು.